ವರ್ಷದ ಮೊದಲ ಹಕ್ಕಿ

ಷಡಕ್ಷರಪ್ಪ ಮೇಷ್ಟ್ರು ಆ ಒಂದು ಮಾತು ಆಡದೇ ಇದ್ದಿದ್ದರೆ ಏಕಾಂತಪ್ಪ ಹೊಸ ವರ್ಷದ ಬೆಳಿಗ್ಗೆ ಎಲ್ಲರ ಹಾಗೆ ಕಣ್ಣು ಬಿಟ್ಟುಕೊಂಡೇ ಏಳುತ್ತಿದ್ದ.

ಮೇಷ್ಟ್ರು ರವೀಂದ್ರನಗರದಲ್ಲಿ ಅವನ ಪಕ್ಕದ ಮನೆಯವರು. ಅವನಿಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದವರೂ ಅವರೇ. ಪ್ರತಿ ಜನವರಿ ಒಂದಕ್ಕೆ ಇಬ್ಬರೂ ಭದ್ರಾವತಿಯ ಹೊಳೆದಂಡೆಗೆ ಹೋಗಿ ಹಕ್ಕಿಗಳ ಹೊಸ ಪಟ್ಟಿ ಶುರು ಮಾಡುವುದು ವಾಡಿಕೆ. ಈ ಸಲ ಮೇಷ್ಟ್ರಿಗೆ ಮಂಡಿ ಊದಿಕೊಂಡಿತ್ತು.

"ನೀನೊಬ್ಬನೇ ಹೋಗಿ ಬಾ. ಆದ್ರೆ ಹುಷಾರು! ವರ್ಷದ ಮೊದಲ ಹಕ್ಕಿ ಯಾವುದೋ, ವರ್ಷವೆಲ್ಲ ನಮ್ಮ ಬಾಳೂ ಅದರ ಹಾಗೇ. ಹೋದ ವರ್ಷ ನೀನು ಮೊದಲು ನೋಡಿದ್ದು ಕಾಗೆ. ಎಷ್ಟು ತಿಥಿ ಊಟ ಉಂಡೆ, ನೆನಪಿದೆಯಾ?"

ಏಕಾಂತಪ್ಪ ಸಾಲ ಸೋಲ ಮಾಡಿ ಕಟ್ಟಿಸಿದ ಹೊಸ ಮನೆಯ ಸುಣ್ಣ ಇನ್ನೂ ಆರಿಲ್ಲ. ಆಫೀಸಿಗೆ ಬರಲಿರುವ ಹೊಸ ಸಾಹೇಬರು ಅವನನ್ನು ಬೀದರಿಗೆ ಎತ್ತಂಗಡಿ ಮಾಡುತ್ತಾರೆಂದು ಗುಸುಗುಸು. ಚಳಿಗಾಲದಲ್ಲೋ ಬೇಲಿ ಬೇಲಿಯ ಮೇಲೂ ವಲಸೆ ಹಕ್ಕಿ. ಅದರಲ್ಲೊಂದು ಮೊದಲು ಕಣ್ಣಿಗೆ ಬಿದ್ದರೆ ಬೀದರ್ ಖಾಯಂ! ಹೊಳೆ ಮೇಲೆ ಸುತ್ತುವ ಗರುಡನನ್ನೇ ಮೊದಲು ನೋಡಬೇಕು. ಅಲ್ಲಿಯವರೆಗೆ ಕಣ್ಣೇ ಬಿಡಬಾರದೆಂದು ಅವನು ತೀರ್ಮಾನಿಸಿದ.

ಹೆಂಡತಿ ಹಣೆ ಚಚ್ಚಿಕೊಳ್ಳುತ್ತಲೇ ಕೈಹಿಡಿದು ಕರೆತಂದು ಬಸ್ಸು ಹತ್ತಿಸಿದಳು. ದುರ್ಬೀನಿನ ಚೀಲವನ್ನು ತಬ್ಬಿಕೊಂಡು ಏಕಾಂತಪ್ಪ ಕೂತ.

"ಕಣ್ಣು ಹುಟ್ಟಿದಾಗಿನಿಂದ ಹೀಗೇನಾ?" ಪಕ್ಕದ ಸೀಟಿನಿಂದ ಒಂದು ಮೂಗುದನಿ ಮರುಕದಿಂದ ಕೇಳಿತು.

"ಇಲ್ಲ ಸಾರ್. ಇವತ್ತು ಬೆಳಿಗ್ಗೆಯಿಂದ."

"ಅಯ್ಯಯ್ಯೋ! ಆಸ್ಪತ್ರೆಗೆ ಹೊರಟ್ರಾ?"

"ಅಲ್ಲ, ಹೊಳೆಗೆ."

"ಒಬ್ಬರೇ?"

"ಹೂಂ. ಗರುಡನ ದರ್ಶನ ಆಗಿಬಿಟ್ರೆ ಸಾಕು ಸಾರ್, ಆಮೇಲೆ ನನಗೆ ಯಾವ ಭಯಾನೂ ಇಲ್ಲ."

ಮರುಕ್ಷಣ ಸೊಪ್ಪು ಮಾರುವ ಬಂಗಾರಮ್ಮ ಹಿಂದಿನ ಸೀಟಿನಿಂದ ಅವನ ರಟ್ಟೆ ಹಿಡಿದು ಕಿರುಚಿದಳು. "ಅಯ್ಯೋ ಶಿವನೇ! ಹೊಳೆ ಹಾರಕ್ಕೆ ಹೊಂಟವ್ನೆ! ಬಿಡಬೇಡ್ರೋ!"

"ಸ್ಟೇಷನ್ನಿಗೆ ಒಪ್ಪಿಸೋಣ" ಎಂದ ಕಂಡಕ್ಟರ್. ಮೂಗುದನಿಯವರು ಹೆಸರು, ಆಫೀಸು, ಮನೆ ವಿಳಾಸ ಎಲ್ಲ ಕೇಳಿದರು. ಗಾಬರಿಯಲ್ಲಿ ಏಕಾಂತಪ್ಪ ಎಲ್ಲ ಒದರಿಬಿಟ್ಟ. ಕಣ್ಣು ಬಿಟ್ಟು ನಿಜ ಹೇಳೋಣವೆಂದರೆ ಕಿಟಕಿಯಾಚೆ ಯಾವುದೋ ಹಕ್ಕಿ ಚಿಲಿಪಿಲಿ ಎನ್ನುತ್ತಿದೆ. ಹಕ್ಕಿ ಬಿಟ್ಟರೂ ಈ ಜನ ಬಿಡುವರೇ? ಕುರುಡನ ವೇಷ ಹಾಕಿದನೆಂದು ತದಕುತ್ತಾರೆ.

ಭದ್ರಾವತಿಯಲ್ಲಿ ಸೇತುವೆ ಬಳಿ ಬಸ್ಸು ನಿಂತದ್ದೇ ತಡ, ಬಂಗಾರಮ್ಮನ ಕೈ ಕೊಸರಿಕೊಂಡು ಏಕಾಂತಪ್ಪ ಇಳಿದು ಓಡಿದ, ಕಣ್ಣು ಮುಚ್ಚಿಕೊಂಡೇ! "ಹಿಡೀರಿ! ಹಾರ್ತಾನೆ!" ಎಂದು ಜನ ಅಟ್ಟಿಸಿಕೊಂಡು ಬಂದರು. ದಂಡೆ ಜಾರಿತು; ಉರುಳಿ ಉರುಳಿ ಹೋಗಿ ಯಾವುದೋ ಮರಕ್ಕೆ ಢಿಕ್ಕಿ ಹೊಡೆದ. ನೋವಿಗೆ ಕಣ್ಣು ತಾನಾಗಿ ತೆರೆಯಿತು.

ಮೂಗಿನ ನೇರಕ್ಕೆ ಮರದ ಪೊಟರೆ. ಅದರೊಳಗೆ ಹಗಲಿಡೀ ಕಣ್ಣು ಕಾಣುವುದಿಲ್ಲವೆಂದು ಊರೆಲ್ಲ ಹೇಳುವ ಗೂಬೆ!

ಏಕಾಂತಪ್ಪನಿಗೆ ಅಳುವೇ ಬಂತು. ಜನರ ಕೂಗು ಅಡಗುವವರೆಗೆ ಪೊದೆಯಲ್ಲಿ ಅವಿತಿದ್ದು, ಸಂಜೆಗೆ ಕಾಲೆಳೆಯುತ್ತಾ ಮನೆ ಮುಟ್ಟಿದ. ಗೇಟಿಗೆ ಕೈ ಹಾಕುವಷ್ಟರಲ್ಲಿ ಜಗಲಿಯಿಂದ ಅದೇ ಮೂಗುದನಿ ಕೇಳಿಸಿತು. "ಹೊಳೆಯೆಲ್ಲ ಹುಡುಕಿಸಿದೆ ತಾಯಿ. ಸಿಗಲಿಲ್ಲ."

ಏಕಾಂತಪ್ಪ ಗಕ್ಕನೆ ಕಣ್ಣು ಮುಚ್ಚಿ, ಗೋಡೆ ತಡವುತ್ತಾ ಒಳಗೆ ಬಂದ.

"ಬದುಕಿದ್ದೀರಾ!" ಮೂಗುದನಿಯವರು ಓಡಿಬಂದು ತಬ್ಬಿಕೊಂಡರು. "ನಿಮ್ಮ ಆಫೀಸಿಗೆ ಬಂದಿರೋ ಹೊಸ ಸಾಹೇಬ ನಾನೇ ಕಣ್ರಿ. ವರ್ಗದ ಭಯಕ್ಕೇ ಹೀಗಾಯ್ತು ಅಂತ ಮೇಷ್ಟ್ರು ಹೇಳಿದ್ರು. ಸುಳ್ಳು ನೆಪ ಹೇಳೋರನ್ನ ಬೀದರಿಗಿಂತ ಆಚೆಗೂ ಅಟ್ತೀನಿ. ಆದ್ರೆ ಕಣ್ಣಿಲ್ಲದವರನ್ನ ಊರು ಬಿಡಿಸೋ ಪಾಪ ನನಗೆ ಬೇಡ. ನಿಮ್ಮ ವರ್ಗ ಕ್ಯಾನ್ಸಲ್! ನಾನೂ ಇದೇ ಬೀದಿಗೆ ಬಂದಿದ್ದೀನಿ. ನಾಳೆಯಿಂದ ದಿನಾ ಬೆಳಿಗ್ಗೆ ನಾನೇ ಕೈಹಿಡಿದು ಕರ್ಕೊಂಡು ಹೋಗಿ, ಸಂಜೆ ತಂದು ಬಿಡ್ತೀನಿ."

ಕಣ್ಣೊರೆಸಿಕೊಳ್ಳುತ್ತಾ ಸಾಹೇಬರು ನೀರು ಕುಡಿಯಲು ಒಳಗೆ ಹೋದರು. ಅಷ್ಟು ಹೊತ್ತೂ ಜಗಲಿಯಲ್ಲೇ ಕೂತಿದ್ದ ಮೇಷ್ಟ್ರು ಕುಂಟುತ್ತಾ ಬಂದು ಏಕಾಂತಪ್ಪನ ಕಿವಿಯ ಬಳಿ ಬಗ್ಗಿದರು.

"ಗರುಡ ಸಿಕ್ತೇನೋ?"

"ಎಲ್ಲಿ ಮೇಷ್ಟ್ರೇ... ಗೂಬೆ" ಎನ್ನುತ್ತಾ ಅವನು ಕಣ್ಣು ಬಿಡಹೋದ.

ಮೇಷ್ಟ್ರು ಗಡಬಡಿಸಿ ಅವನ ಕಣ್ಣಿಗೆ ಅಂಗೈ ಒತ್ತಿ ಹಿಡಿದರು.

"ತಡಿ ಮಾರಾಯ, ಇನ್ನೂ ಕತ್ತಲಾಗಿಲ್ಲ!"