ಹೆಸರು ಕೇಳದ ಕಂಪನಿಯ ವ್ಯಾನು

ನಾನು ಹೆಸರಿಗೆ ಮರುಳಾಗುವ ಮನುಷ್ಯ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೈಗಡಿಯಾರ ಕೊಳ್ಳುವಾಗ ಅದು ಸರಿಯಾಗಿ ಓಡುತ್ತದೆಯೇ ಎಂದು ನೋಡುವುದಿಲ್ಲ, ಅದರ ಮುಖದ ಮೇಲೆ ಯಾರ ಹೆಸರಿದೆ ಎಂದು ನೋಡುತ್ತೇನೆ. ರೇಡಿಯೋ, ಸೈಕಲ್ಲು, ಹಲ್ಲುಪುಡಿ, ಎಲ್ಲಕ್ಕೂ ಇದೇ ಕತೆ. ಇಂಥ ನಾನು ಎಪ್ಪತ್ತರ ದಶಕದ ನಡುವಿನಲ್ಲಿ, ಸಿಂದಗಿಯಲ್ಲಿ ಗೋಲಿ ಸೋಡಾ ಮಾಡಿ ಮಾರುತ್ತಿದ್ದ ಕಾಲಕ್ಕೆ, ಯಾರೂ ಹೆಸರೇ ಕೇಳದ ಕಂಪನಿಯ ಸಣ್ಣ ವ್ಯಾನೊಂದನ್ನು ಕೊಂಡು ತಂದೆ. ನನ್ನ ಹೆಂಡತಿ ನೀಲಮ್ಮ ಈಗಲೂ ಇದನ್ನು ನನ್ನ ಜೀವನದ ಏಕೈಕ ಧೈರ್ಯದ ಕೆಲಸ ಎನ್ನುತ್ತಾಳೆ. ಧೈರ್ಯವೂ ಇಲ್ಲ, ಏನೂ ಇಲ್ಲ. ದೊಡ್ಡ ಕಂಪನಿಯ ಗಾಡಿ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಬಸ್ಸಿನ ನೆತ್ತಿಯ ಮೇಲೆ ಹೇರಿ ಕಳಿಸುತ್ತಿದ್ದ ನನ್ನ ಬಾಟಲಿಗಳು ಊರು ಮುಟ್ಟುವುದರೊಳಗೆ ಅರ್ಧಕ್ಕರ್ಧ ಒಡೆಯುತ್ತಿದ್ದವು. ಸೊಲ್ಲಾಪುರದ ಏಜೆಂಟನೊಬ್ಬ, "ಸಾಹುಕಾರ್ರ, ಹೆಸರು ಗಾಡಿ ಎಳಿತೈತೇನ್ರಿ? ಇಂಜಿನ್ ಎಳಿತೈತಿ. ಇವತ್ತ ಒಯ್ರಿ" ಎಂದ. ಆವರೆಗೆ ಯಾರೂ ನನ್ನನ್ನು ಸಾಹುಕಾರ್ರ ಎಂದು ಕರೆದಿರಲಿಲ್ಲ. ಅಲ್ಲೇ ಸಹಿ ಹಾಕಿದೆ.

ಗಾಡಿ ಹಸಿ ಲಿಂಬಿಕಾಯಿ ಬಣ್ಣದ್ದು. ಎತ್ತರ ನನ್ನ ಭುಜದಿಂದ ಸ್ವಲ್ಪ ಮೇಲೆ. ಲಿಂಬಿಕಾಯಿ ತರಲು ಇಂಡಿಗೆ ಒಯ್ದಾಗ ಅಲ್ಲಿನ ವ್ಯಾಪಾರಿ ಅದನ್ನು ಮೂರು ಸುತ್ತು ಸುತ್ತಿ, ಮುಂದೆ ಬಗ್ಗಿ, ಹಿಂದೆ ಬಗ್ಗಿ, "ಇದಕ್ಕ ಇಂಜಿನ್ ಎಲ್ಲೈತ್ರಿ?" ಎಂದು ಕೇಳಿದ. ಏಜೆಂಟ್ ಹೇಳಿಕೊಟ್ಟಂತೆ ನಾನು ಕೂತ ಸೀಟನ್ನು ಎತ್ತಿ ತೋರಿಸಿದೆ. ಅವನು ಇಂಜಿನ್ನನ್ನೂ ನನ್ನನ್ನೂ ನೋಡಿ, "ನೀವು ಗಟ್ಟಿ ಅದೀರಿ ಬಿಡ್ರಿ" ಎಂದ. ಅಲ್ಲಿಯವರೆಗೆ ಆರಾಮಾಗಿ ಕೂರುತ್ತಿದ್ದ ನಾನು ಆಮೇಲೆ ದೇವರ ಪೀಠದ ಮೇಲೆ ಕೂತವನಂತೆ ಭಯಭಕ್ತಿಯಿಂದ ಕೂರತೊಡಗಿದೆ. "ಯಾವ ಕಂಪನೀದು?" ಎಂದು ಯಾರಾದರೂ ಕೇಳಿದರೆ ಕೆಮ್ಮು ಬರುತ್ತಿತ್ತು.

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಹನ್ನೆರಡು ಪೆಟ್ಟಿಗೆ ಸೋಡಾ ಹೇರಿಕೊಂಡು ಮುದ್ದೇಬಿಹಾಳಕ್ಕೆ ಹೊರಟೆ. ಅದು ನೀಲಮ್ಮನ ತವರು, ಹಾಗಾಗಿ ಅವಳೂ ಪಕ್ಕದಲ್ಲಿ ಕೂತಿದ್ದಳು. ಹಿಂದಿನ ದಿನ ಜೋರು ಮಳೆಯಾಗಿತ್ತು. ಬಸವನ ಬಾಗೇವಾಡಿ ದಾಟಿ ಒಂದಷ್ಟು ದೂರ ಹೋದರೆ ಒಂದು ಹಳ್ಳ. ಅದರ ನಟ್ಟನಡುವೆ ಬಸ್ಸು ಎರೆಮಣ್ಣಿನಲ್ಲಿ ಗಾಲಿ ಮುಳುಗಿಸಿಕೊಂಡು ಎಮ್ಮೆಯಂತೆ ಕೂತುಬಿಟ್ಟಿತ್ತು. ದಡದಲ್ಲಿ ಪ್ರಯಾಣಿಕರು ನಿಂತಿದ್ದರು. ಅವರ ಪೈಕಿ ಹನ್ನೊಂದು ಮಂದಿ ವಿದ್ಯಾರ್ಥಿಗಳು, ಮಾರ್ಚಿನಲ್ಲಿ ನಪಾಸಾಗಿ ಈಗ ಮತ್ತೆ ಮೆಟ್ರಿಕ್ ಪರೀಕ್ಷೆಗೆ ಮುದ್ದೇಬಿಹಾಳಕ್ಕೆ ಹೊರಟವರು. ಪರೀಕ್ಷೆ ಶುರುವಾಗಲು ಒಂದೂವರೆ ಗಂಟೆ ಉಳಿದಿತ್ತು.

ಅವರಲ್ಲಿ ಕಸ್ತೂರಿ ಎಂಬ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲವರೆಗೆ ಕೆಸರಾಗಿ, ಅಳದೆ ನಿಂತಿದ್ದಳು. ನೀಲಮ್ಮ ಇಳಿದು ಮಾತಾಡಿಸಿದಾಗ, "ಗಣಿತ ಒಂದ ಉಳದೈತ್ರಿ ಅಕ್ಕಾರ. ಈ ಸಲ ತಪ್ಪಿದ್ರ ನಮ್ಮಪ್ಪ ಸಾಲಿ ಬಿಡಸ್ತೇನಿ ಅಂದಾನ. ವರಾನೂ ನೋಡ್ಯಾನ" ಎಂದಳು.

ನೀಲಮ್ಮ ನನ್ನ ಕಡೆ ತಿರುಗಿದಳು. "ಏನ್ರಿ, ಪೆಟ್ಟಿಗಿ ಇಳಸ್ರಿ."

"ಇಳಸಿ?"

"ಇವರನ್ನ ಹೇರ್ರಿ."

"ಅಲ್ಲೇ, ಬಸ್ಸ ದಾಟಲಾರದ್ದನ್ನ ಇದು ಹೆಂಗ ದಾಟ್ತೈತಿ? ಹೊಸಾ ಗಾಡಿ..." ಎಂದು ನಾನು ತಡವರಿಸುತ್ತಿದ್ದಾಗಲೇ ಬಸ್ಸಿನ ಕಂಡಕ್ಟರ್ ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಬಂಪರಿಗೆ ಕೈ ಹಾಕಿ ಸ್ವಲ್ಪ ಎತ್ತಿ ನೋಡಿದ. ಅವನ ಮುಖ ಅರಳಿತು. "ಇದು ದಾಟೂದು ಬ್ಯಾಡ್ರಿ. ನಾವ ದಾಟಸ್ತೇವಿ!"

ಮುಂದೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಪೆಟ್ಟಿಗೆಗಳನ್ನು ದಡದ ಬೇವಿನ ಮರದ ಕೆಳಗೆ ಇಳಿಸಿದರು. ಪಂಚೆ ಎತ್ತಿ ಕಟ್ಟಿದ ರೈತರು, ಬಟ್ಟೆ ಗಂಟು ಹೊತ್ತಿದ್ದ ವ್ಯಾಪಾರಿ, ಬಸ್ಸಿನ ಡ್ರೈವರು, ಪರೀಕ್ಷೆಯ ಹುಡುಗರು, ಇಪ್ಪತ್ತೈದು ಮೂವತ್ತು ಜನ ನಾಲ್ಕೂ ಕಡೆ ಕೈ ಕೊಟ್ಟರು. ಕಂಡಕ್ಟರ್ ಸೀಟಿ ಊದಿದ. ನನ್ನ ವ್ಯಾನು ನೆಲ ಬಿಟ್ಟಿತು! ಬಸ್ಸಿನ ಪಕ್ಕದಲ್ಲೇ, ಅದಕ್ಕಿಂತ ಒಂದು ಗೇಣು ಹೆಚ್ಚು ಗತ್ತಿನಿಂದ, ಪಲ್ಲಕ್ಕಿಯಂತೆ ಹಳ್ಳದ ಮೇಲೆ ತೇಲುತ್ತ ಹೋಯಿತು. ಎಳೆಬಿಸಿಲಿಗೆ ಅದರ ಹಸಿರು ಮೈ ಫಳಫಳ ಹೊಳೆಯುತ್ತಿತ್ತು. ಅಂಥ ಚೆಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆದರೆ ಸತ್ಯ ಹೇಳಬೇಕು. ನಾನು ಇದನ್ನೆಲ್ಲ ನೋಡಿದ್ದು ಒಳಗಿನಿಂದ. ಗಾಬರಿಯಲ್ಲಿ ಇಳಿಯುವುದನ್ನೇ ಮರೆತಿದ್ದೆ. ನಡುಹಳ್ಳದಲ್ಲಿ ಕಂಡಕ್ಟರ್ ಕಿಟಕಿಗೆ ಮುಖ ಇಟ್ಟು, ಏದುಸಿರು ಬಿಡುತ್ತ, "ಸಾಹುಕಾರ್ರ, ಗಾಡಿ ನಾವು ಹೊತ್ತೇವಿ. ನೀವ್ಯಾಕ ಸ್ಟೇರಿಂಗ್ ತಿರವಾಕತ್ತೀರಿ?" ಎಂದು ಕೇಳಿದ.

ಆಚೆ ದಡದಲ್ಲಿ ಹತ್ತು ಜನ ಹಿಂದೆ ತುಂಬಿಕೊಂಡರು. ಕಸ್ತೂರಿ ನನಗೂ ನೀಲಮ್ಮನಿಗೂ ನಡುವೆ ಕೂತು ದಾರಿಯುದ್ದಕ್ಕೂ ಸೂತ್ರಗಳನ್ನು ಗುಣುಗುಣು ಎಂದು ಒಪ್ಪಿಸುತ್ತಿದ್ದಳು. ಸೀಟಿನ ಕೆಳಗಿನ ಇಂಜಿನ್ನೂ ಅವಳ ಜೊತೆ ಬಾಯಿಪಾಠ ಮಾಡುವಂತೆ ಗುಂಯ್‌ಗುಡುತ್ತಿತ್ತು. ಒಂದು ಏರಿನಲ್ಲಿ ಗಾಡಿ ನಿಂತೇಹೋಯಿತು ಎನ್ನುವಷ್ಟು ಸೊರಗಿತು. ಒಳಗಿದ್ದವರೆಲ್ಲ ಉಸಿರು ಬಿಗಿಹಿಡಿದರು. ನಾನು ಗಟ್ಟಿಯಾಗಿಯೇ, "ನಡಿಯಪ್ಪಾ, ನಡಿ, ಮರ್ಯಾದಿ ಉಳಸು" ಎಂದೆ. ಅದು ಒಮ್ಮೆ ನಡುಗಿ ಏರು ಹತ್ತಿತು. ಮುದ್ದೇಬಿಹಾಳದ ಸಾಲಿಯ ಮುಂದೆ ನಿಂತಾಗ ಜವಾನ ಗಂಟೆ ಬಾರಿಸಲು ಕೊಡತಿ ಎತ್ತಿದ್ದ. ನೀಲಮ್ಮ ಕಿಟಕಿಯಿಂದಲೇ, "ಯಪ್ಪಾ, ಕೈ ತಡೀ!" ಎಂದು ಕೂಗಿದ ರಭಸಕ್ಕೆ ಅವನು ಕೊಡತಿ ಕೆಳಗಿಟ್ಟೇಬಿಟ್ಟ. ಹುಡುಗರು ಕೆಸರುಗಾಲಲ್ಲೇ ಒಳಗೆ ಓಡಿದರು. ಕಸ್ತೂರಿ ಮಾತ್ರ ಬಾಗಿಲಲ್ಲಿ ಒಂದು ಕ್ಷಣ ನಿಂತು, ಗುಡಿಯಲ್ಲಿ ಮಾಡುವಂತೆ ವ್ಯಾನಿನ ಮೂಗು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಸಲ ಅವಳು ಪಾಸಾದಳು. ಆ ವರನನ್ನು ಬಿಟ್ಟು ಟೀಚರ್ ಟ್ರೇನಿಂಗಿಗೆ ಹೋದಳೆಂದು ಆಮೇಲೆ ತಿಳಿಯಿತು. ಉಳಿದವರಲ್ಲಿ ಇಬ್ಬರು ಮತ್ತೆ ನಪಾಸಾದರು. ಅದಕ್ಕೆ ವ್ಯಾನು ಹೊಣೆಯಲ್ಲ.

ನಾವು ಪೆಟ್ಟಿಗೆಗಳಿಗಾಗಿ ಮರಳಿ, ಗಾಡಿಯನ್ನು ಆಚೆ ದಡದಲ್ಲೇ ನಿಲ್ಲಿಸಿ, ಹಳ್ಳ ದಾಟಿ ಬಂದೆವು. ಬಸ್ಸು ಇನ್ನೂ ಕೂತಲ್ಲೇ ಕೂತಿತ್ತು. ಬೇವಿನ ಮರದ ಕೆಳಗೆ ಜನ ಆರಾಮಾಗಿ ಸೋಡಾ ಕುಡಿಯುತ್ತಿದ್ದರು. ಗಾಡಿ ಹೊತ್ತ ಬಾಯಾರಿಕೆ, ಏನೂ ಅನ್ನುವಂತಿರಲಿಲ್ಲ. ನನ್ನ ಎದೆ ಮಾತ್ರ ಉಬ್ಬಿ ಅಂಗಿಯ ಗುಂಡಿ ಹರಿಯುವಂತಾಗಿತ್ತು. ಹೊಗಳಿಕೆಗೆ ಕಿವಿ ಅಗಲಿಸಿ ನಿಂತೆ.

ಕಂಡಕ್ಟರ್ ಬಾಯಿ ಒರೆಸಿಕೊಂಡು ಎದ್ದು ಬಂದ. "ಗಾಡಿ ಮಾತ್ರ ಭಾರೀ ಐತ್ರಿ. ಅದನ್ನ ಮಾಡಿದ ಪುಣ್ಯಾತ್ಮ ಯಾರೋ ಏನೋ, ಅವನ ಕೈಗೆ ಶರಣ ಅನಬೇಕು" ಎಂದ. ಆಮೇಲೆ ನೀಲಮ್ಮನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದು, "ಸಿಟ್ಟಾಗಬ್ಯಾಡ್ರಿ, ಈ ಸೋಡಾ ಭಾಳ ಸಪ್ಪಗೈತಿ. ಎಲ್ಲಿಂದ ತರ್ತೀರಿ ಇದನ್ನ?" ಎಂದು ಕೇಳಿದ.

ನಾನೇ ಕೈಯಾರೆ ತುಂಬಿದ್ದ ಒಂದು ಬಾಟಲಿಯ ಗೋಲಿ ಒತ್ತಿ ಕುಡಿದು ನೋಡಿದೆ. ಹೌದು, ಸಪ್ಪಗಿತ್ತು. "ಸೊಲ್ಲಾಪುರದಿಂದ" ಎಂದೆ.