ಹಕಾರಕ್ಕೆ ಹೋದ ಪ್ರಾಣ

ಕನ್ನಡ ಮೇಷ್ಟ್ರಾದವನು ಮನೆಯಲ್ಲಿ ಯಾವ ಕನ್ನಡ ಆಡುತ್ತಾನೆಂದು ಯಾರೂ ತಪಾಸಣೆಗೆ ಬರುವುದಿಲ್ಲ, ಅದೇ ನಮ್ಮ ಪುಣ್ಯ. ಬಿಂಡಿಗನವಿಲೆ ಕಡೆಯ ಶಾಲೆಯಲ್ಲಿ ಹಗಲೆಲ್ಲ ‘ಅಸು ಅಲ್ಲ, ಹಸು, ಆಲು ಅಲ್ಲ, ಹಾಲು’ ಎಂದು ಗಂಟಲು ಹರಿದುಕೊಳ್ಳುವ ನಾನು, ನಾಗಮಂಗಲದಲ್ಲಿ ಬಸ್ಸಿಳಿದು ಮನೆ ಸೇರಿದೊಡನೆ ಚಪ್ಪಲಿಯ ಜೊತೆಗೆ ಹಕಾರವನ್ನೂ ಹೊಸಿಲಾಚೆ ಬಿಟ್ಟು ಒಳಗೆ ಹೋಗುತ್ತೇನೆ. ನಮ್ಮ ಮನೆಯಲ್ಲಿ ‘ಆಲು ಕಾಯ್ಸು’ ಎಂದರೇ ಕಾಫಿ ಬರುವುದು. ಇದರಿಂದ ಒಂದು ಪ್ರಾಣ ಹೋಗುತ್ತದೆಂದು ನಾನೇನು ಕನಸು ಕಂಡಿದ್ದೆನೆ?

ಪ್ರಾಣ ಹೋದದ್ದು ಕಂಪ್ಯೂಟರಿನಲ್ಲಿ. ನಮ್ಮದು ಮುದಿ ಕಂಪ್ಯೂಟರು. ಇದಕ್ಕೆ ಯಾವುದಾದರೂ ಆಟ ಹಾಕಿಕೊಡಿ ಎಂದಾಗ ರಿಪೇರಿ ಅಂಗಡಿಯ ಅಕ್ರಮ್ ಭಾಯ್, “ಹೊಸ ಆಟ ಇದು ತಡ್ಕೊಳಲ್ಲ ಮೇಷ್ಟ್ರೇ. ಹಳೇದೊಂದದೆ. ಗೊಂಬೆ ಗಿಂಬೆ ಏನಿಲ್ಲ, ಬರೀ ಅಕ್ಷರ. ನಿಮ್ಗೇ ಅಂತ ಮಾಡ್ದಂಗದೆ” ಎಂದರು. ನಿಜವೇ. ಆಟವೆಲ್ಲ ಒಂದು ನೆಲಮಾಳಿಗೆ. ಗೋಡೆಗಳು ಗೀಟು, ನೆಲ ಚುಕ್ಕಿ. ಇಮೇಲ್ ವಿಳಾಸದ ನಡುವೆ ಸುತ್ತಿಕೊಂಡು ಕೂರುವ @ ಚಿಹ್ನೆಯೇ ನಮ್ಮ ವೀರ. ದೊಡ್ಡ ಡಿ ಕಂಡರೆ ಅದು ಬೆಂಕಿ ಉಗುಳುವ ಡ್ರ್ಯಾಗನ್. ಎಡಕ್ಕೆ ಹೋಗಲು ಹೆಚ್ ಒತ್ತಬೇಕು, ಬಲಕ್ಕೆ ಎಲ್. ಸತ್ತರೆ ಸತ್ತಂತೆಯೇ, ಎಲ್ಲ ಮೊದಲಿನಿಂದ ಶುರು. ನಾನು ಇಲಿ ಕಚ್ಚಿ ಸತ್ತೆ, ಹಸಿದು ಸತ್ತೆ, ಯಾವುದೋ ಗೊತ್ತಿಲ್ಲದ ಔಷಧಿ ಕುಡಿದು ಸತ್ತೆ. ಕೊನೆಗೆ ನನ್ನದೇ ಹೆಸರಿಟ್ಟ ಒಬ್ಬ ವೀರ ಮಾತ್ರ ತಿಂಗಳಿಡೀ ಬದುಕಿ, ನಾನು ಕಂಡೇ ಇರದ ಆಳಕ್ಕೆ ಇಳಿದಿದ್ದ. ಅವನನ್ನು ಕಂಡರೆ ನನಗೆ ಎಲ್ಲಿಲ್ಲದ ಮಮತೆ.

ಆ ಭಾನುವಾರ ಮುದ್ದೆ ಕಟ್ಟುವ ಸರದಿ ನನ್ನದು. ಎರಡೂ ಕೈಗೆ ರಾಗಿ ಮೆತ್ತಿತ್ತು. ಈ ಆಟದಲ್ಲಿ ನಾವು ಒತ್ತುವವರೆಗೆ ಯಾವ ಪ್ರಾಣಿಯೂ ಅಲುಗುವುದಿಲ್ಲ. ಡ್ರ್ಯಾಗನ್ ಕೂಡ ನಾನು ಕೈ ತೊಳೆದು ಬರುವವರೆಗೆ ಕಾಯುತ್ತದೆ. ಕಾಯಲಾಗದವನು ನಾನು. ಕಂಪ್ಯೂಟರಿನ ಮುಂದೆ ಸೊಪ್ಪು ಬಿಡಿಸುತ್ತ ಕೂತಿದ್ದ ಹೆಂಡತಿ ಜಯಮ್ಮನಿಗೆ ಅಡುಗೆಮನೆಯಿಂದಲೇ, “ಎಲ್ಲು ಒತ್ತೇ, ಒಂದೆಜ್ಜೆ ಮುಂದಕ್ಕೋಗ್ಲಿ” ಎಂದೆ.

ಒತ್ತಿದಳು. “ಅದ್ಯಾವ್ದೋ ಡಿ ಬಂದು ನಿಂತ್ಕೊತು ಕಣ್ರೀ.”

“ಎಚ್ಚು ಒತ್ತೇ, ಎಚ್ಚು” ಎಂದು ಕೂಗಿಕೊಂಡೆ.

“ಒತ್ತಾನೇ ಇವ್ನಿ.”

“ಬೇಗ ಕಣೇ, ಎಚ್ಚು ಒತ್ತು.”

“ಇನ್ನೆಷ್ಟು ಎಚ್ಚು ಒತ್ಲಿ ಕಣ್ರೀ, ಬೆಳ್ಳು ನೋಯ್ತಾ ಅದೆ.”

ರಾಗಿ ಕೈಯಲ್ಲೇ ಓಡಿ ಬಂದೆ. ಅವಳ ಬೆರಳು ಎಲ್ ಮೇಲೇ ಇತ್ತು. ನಾನು ಹೇಳಿದ ಹಾಗೆ ಅದನ್ನೇ ಹೆಚ್ಚು ಹೆಚ್ಚು ಒತ್ತಿ, ನನ್ನ ವೀರನನ್ನು ಸೀದಾ ಡ್ರ್ಯಾಗನ್ ಬಾಯಿಗೆ ನೂಕಿದ್ದಳು. ಪರದೆಯ ಮೇಲೆ ಸಮಾಧಿಕಲ್ಲು ಎದ್ದಿತ್ತು, ಅದರ ಮೇಲೆ ನನ್ನ ಹೆಸರು. ನಿಜವಾಗಿಯೂ ಅಳು ಬಂತು.

“ನೀವೇ ತಾನೆ ಎಚ್ಚು ಒತ್ತು ಅಂದಿದ್ದು?” ಎಂದಳು.

“ನಾನಂದಿದ್ದು ಹೆಚ್ ಅನ್ನೋ ಅಕ್ಷರ.”

“ಅಂಗಂತ ಬಾಯ್ಬುಟ್ಟು ಸರ್ಯಾಗಿ ಯೋಳ್ಬೇಕಲ್ವ, ಮೇಷ್ಟ್ರಾಗಿ?”

ಊಟಕ್ಕೆ ಕೂತಾಗ ಅವಳು ಕನಿಕರದಿಂದ ಇನ್ನೊಂದು ಮುದ್ದೆ ಎತ್ತಿಕೊಂಡು, “ಎಚ್ಚಾಯ್ತದ?” ಎಂದಳು. ಹೊಕ್ಕುಳಿಂದ ಹಕಾರ ಎಳೆದು, “ಹೆಚ್ಚಾಗುತ್ತದೆ” ಎಂದೆ. ಉಚ್ಚಾರಣೆ ಶುದ್ಧವಾಗಿತ್ತು. ಅದನ್ನು ಕೇಳಿ ಎಡಕ್ಕೆ ಸರಿಯಬೇಕಾಗಿದ್ದವನು ಮಾತ್ರ ಇರಲಿಲ್ಲ.