ಕ್ಲಚ್ಚಿಲ್ಲದ ಗಾಡಿಯೂ ಅತ್ತೆಯ ಹೂಮಾಲೆಯೂ

ಆಕ್ಲೆಂಡಿನ ರಸ್ತೆಗಳಲ್ಲಿ ಅರ್ಧ ಆಯುಷ್ಯ ಸಾವಿರ ಸಿಸಿ ಬೈಕ್ ಮೆರೆಸಿದವನು ನಾನು. ಕಡೆಗೆ ರಾರೊಟೊಂಗಾ ದ್ವೀಪಕ್ಕೆ ಬಂದು ಅತ್ತೆಮನೆಯಲ್ಲಿ ನೆಲೆಸಿದಾಗ ಒಂದು ಭೀಷ್ಮಪ್ರತಿಜ್ಞೆ ಮಾಡಿದೆ: ಪ್ರಾಣ ಹೋದರೂ ಸಣ್ಣ ಇಂಜಿನ್ನಿನ ಗಾಡಿ ಮುಟ್ಟುವುದಿಲ್ಲ!

ಇಲ್ಲಿ ಪಾದ್ರಿಯಿಂದ ಹಿಡಿದು ಮೀನು ಮಾರುವವರ ತನಕ ಎಲ್ಲರದೂ ನೂರ ಹತ್ತು ಸಿಸಿ. ನನ್ನ ಹೆಂಡತಿ ತೆಪಾಯೆರುವಿನದೂ ಅದೇ.

"ಇದು ಬೈಕಾ? ಹೊಲಿಗೆ ಮೆಷಿನ್ನಿಗೆ ಚಕ್ರ ಕಟ್ಟಿದ್ದಾರೆ!" ಎಂದು ಹಂಗಿಸುತ್ತಿದ್ದೆ.

"ನಿಮ್ಮ ಹೆಸರೇ ನೂರೋವಾ. ಹೆಸರಲ್ಲೇ ನೂರಿದೆ, ಇನ್ನೊಂದು ಹತ್ತು ಸೇರಿಸ್ಕೊಳ್ಳೋಕೆ ಏನ್ರೀ ಕಷ್ಟ?" ಅನ್ನುತ್ತಿದ್ದಳು.

ಹೀಗಿರುವಾಗ ನನ್ನ ದೊಡ್ಡ ಬೈಕಿನ ಚೈನು ತುಂಡಾಯಿತು. ಹೊಸದು ಹಡಗಿನಲ್ಲಿ ಬರಬೇಕು. ಅಂಥ ಹೊತ್ತಲ್ಲೇ ಅತ್ತೆಯ ತಂಗಿ ಮೆರಿಯಾನಾ ಸಿಡ್ನಿಯಿಂದ ಬಂದಿಳಿಯುವ ದಿನ ಬಂತು. ಮದುವೆಯಾಗಿ ಹೋದವಳ ಮುಖ ಅತ್ತೆ ಮತ್ತೆ ಕಂಡಿರಲಿಲ್ಲ. ತಂಗಿ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಕೊರಳಿಗೆ ಹೂಮಾಲೆ ಹಾಕಬೇಕೆಂದು ಬೆಳಿಗ್ಗೆಯಿಂದ ಪೋಣಿಸುತ್ತ ಕೂತಿದ್ದರು. ತೆಪಾಯೆರು ನೆಲದೊಲೆಯಲ್ಲಿ ಹಂದಿ ಬೇಯಲು ಹೂತಿದ್ದಳು, ಬಿಟ್ಟು ಬರುವಂತಿರಲಿಲ್ಲ.

"ಅಮ್ಮನ್ನ ನೀವೇ ಕರ್ಕೊಂಡು ಹೋಗಿ. ನನ್ನ ಗಾಡೀಲಿ."

"ಸಿಂಹಕ್ಕೆ ಹುಲ್ಲು ತಿನ್ನು ಅಂತೀಯಾ!"

"ಸಿಂಹ ಬೇಗ ಹೊರಡಲಿ. ಹುಷಾರು, ಅದರ ಗೇರು ಬೇರೆ ಥರ..."

"ನನಗೇ ಪಾಠಾನಾ?"

ಅತ್ತೆ ಹ್ಯಾಟು ಸರಿಮಾಡಿಕೊಳ್ಳುತ್ತ ಅಂಗಳಕ್ಕೆ ಬರುವಷ್ಟರಲ್ಲಿ ನಾನು ಗಾಡಿಯ ಮೇಲೆ ಆರೂಢನಾಗಿದ್ದೆ. ಬೇಲಿಯಾಚೆ ಅಕ್ಕಪಕ್ಕದವರು ಬೇರೆ ನೋಡುತ್ತಿದ್ದರು. ಅನುಭವಿಯ ಗತ್ತು ಬೇಡವೇ? ಎಕ್ಸಲರೇಟರ್ ತಿರುವಿ ಘರ್ರ್ ಅನಿಸಿದೆ. ಎಡಗೈ ಅಭ್ಯಾಸಬಲದಿಂದ ಕ್ಲಚ್ ಹಿಡಿಯಿತು. ಅಂದರೆ, ಗಾಳಿ ಹಿಡಿಯಿತು! ಆ ಗಾಡಿಗೆ ಕ್ಲಚ್ಚೇ ಇಲ್ಲ! ಅಷ್ಟರಲ್ಲಿ ಕಾಲು ಗೇರು ತುಳಿದಾಗಿತ್ತು. ಹೊಲಿಗೆ ಮೆಷಿನ್ನು ಕುದುರೆಯಂತೆ ಮುಂಗಾಲೆತ್ತಿ ಹಾರಿತು. ನಿಧಾನ ಮಾಡೋಣವೆಂದು ಮತ್ತೆ ತುಳಿದೆ. ನನ್ನ ಬೈಕಲ್ಲಿ ತುಳಿದರೆ ಗೇರು ಇಳಿಯುತ್ತದೆ, ಇದರಲ್ಲಿ ಏರಿತು! ಕೋಳಿ ದಾರಿ ಬಿಟ್ಟಿತು, ನಾಯಿ ದಾರಿ ಬಿಟ್ಟಿತು. ಪಕ್ಕದವರ ಕೆಸುವಿನ ಗದ್ದೆ ಮಾತ್ರ ಬಿಡಲಿಲ್ಲ.

"ಅತ್ತೇ! ಏಟಾಯ್ತಾ?" ಕೆಸುವಿನ ಕೆಸರಿನೊಳಗಿಂದ ಕೂಗಿದೆ.

"ನಾನಿನ್ನೂ ಹತ್ತೇ ಇಲ್ವಲ್ಲೋ!" ದನಿ ಅಂಗಳದಿಂದ ಬಂತು.

ಗಾಡಿ ನನ್ನ ಕಾಲ ಮೇಲೆ ಮಲಗಿತ್ತು. ನನ್ನ ಸಾವಿರ ಸಿಸಿ ಆಗಿದ್ದರೆ ಆ ಕಾಲನ್ನು ಅಲ್ಲೇ ಕೆಸುವಿನ ಗೆಡ್ಡೆ ಜೊತೆ ನೆಟ್ಟು ಬರಬೇಕಾಗಿತ್ತು! ಅತ್ತೆ ಗದ್ದೆಗಿಳಿದು, ಕುರ್ಚಿ ಎತ್ತಿದ ಹಾಗೆ ಅದನ್ನು ಎತ್ತಿ ನಿಲ್ಲಿಸಿದರು. ಒಂದು ಬೈಗುಳವಿಲ್ಲ. ಮೊದಲು ನನ್ನ ಮೊಣಕಾಲು ಒತ್ತಿ ನೋಡಿದರು, ಆಮೇಲೆ ಗಾಡಿ ನೋಡಿದರು. ನನ್ನ ಅಹಂಕಾರವೆಲ್ಲ ಅಲ್ಲೇ ಕರಗಿಹೋಯಿತು.

ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಗುಡುಗಿತು. ಅತ್ತೆಯ ಮುಖ ಚಿಕ್ಕದಾಯಿತು.

"ಅವಳು ಹೊರಗೆ ಬರೋ ಹೊತ್ತಿಗೆ ನಾನಲ್ಲಿರಬೇಕು ಕಣೋ. ಕೈ ತೊಳ್ಕೊಂಡು ಹಿಂದೆ ಕೂತ್ಕೋ. ಮಾಲೆ ಮೇಲೆತ್ತಿ ಹಿಡ್ಕೋ, ಕೆಸರು ತಾಗಿಸ್ಬೇಡ!"

ಹೂವಿನ ಫ್ರಾಕು ಪಟಪಟಿಸುತ್ತ ಅತ್ತೆ ಗಾಡಿ ಬಿಟ್ಟರು, ನೋಡಿ! ಹಿಂದೆ ನಾನು, ಮಾಲೆ ಎತ್ತಿ ಹಿಡಿದ ಮಣ್ಣಿನ ಗಣಪ. ದಾರಿಯುದ್ದಕ್ಕೂ ಜನ ಕೈಬೀಸಿ ನಕ್ಕರು. ಆ ಪುಟ್ಟ ಇಂಜಿನ್ನು ನಮ್ಮಿಬ್ಬರ ಭಾರವನ್ನೂ ಗೊಣಗದೆ ಹೊತ್ತು, ಸರಿಯಾದ ಹೊತ್ತಿಗೆ ಮುಟ್ಟಿಸಿತು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಕೆನ್ನೆಯ ಕೆಸರಿನಲ್ಲಿ ಕಾಲುವೆಯೇ ಹರಿಯಿತು.

ಗಾಡಿ ಹತ್ತಿರ ಬಂದಾಗ ಅತ್ತೆ ಮುಂದೆ ಕೂತದ್ದನ್ನು ಕಂಡು ಮೆರಿಯಾನಾ ಕೇಳಿದರು, "ನೀನ್ಯಾಕಕ್ಕ ಓಡಿಸ್ತೀಯಾ? ಅಳಿಯಂಗೆ ಬರಲ್ವಾ?"

ನಾನು ತಲೆ ತಗ್ಗಿಸಿದೆ.

"ಚೆನ್ನಾಗೇ ಬರುತ್ತೆ ಕಣೇ. ಇವತ್ತು ನಾನೇ ಹಟ ಮಾಡಿ ತಗೊಂಡೆ," ಅಂದರು ಅತ್ತೆ.

ಆ ಪುಣ್ಯಾತ್ಗಿತ್ತಿಯ ಕಾಲಿಗೆ ಅಲ್ಲೇ ಅಡ್ಡಬೀಳಬೇಕೆನಿಸಿತು!

ಮೆರಿಯಾನಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೆನ್ನೆ ತಟ್ಟಿದರು.

"ನಾಚ್ಕೋಬೇಡ ಕಂದಾ. ಸಣ್ಣ ಗಾಡೀನೇ ಒಳ್ಳೇದು. ಹೊಸದಾಗಿ ಕಲಿಯೋರಿಗೆ ಇದೇ ಸರಿ!"